ಎಡಗಡೆಯ ಚಕ್ರಕ್ಕೆ ‘ಕ್ಲಿಕ್’ ಎನ್ನದ ಟಾರ್ಕ್ ರೆಂಚ್: ಹಳೆಯ ಜೀಪಿನಲ್ಲಿ ಎಂಟು ತಿಂಗಳ ಬಳಕೆಯ ನಂತರ

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಅಜ್ಜನ ಕಾಲದ ಒಂದು ಮಹೀಂದ್ರಾ ಸಿಜೆ-3ಬಿ ಜೀಪು ಇಂದಿಗೂ ಓಡುತ್ತಿದೆ. ಎತ್ತರದ ಹರಿಕೇನ್ ಎಂಜಿನ್ನಿಗೆ ಜಾಗ ಮಾಡಿಕೊಡಲು ಬಾನೆಟ್ಟನ್ನು ಮೇಲೆತ್ತಿ ರೂಪಿಸಿದ್ದರಿಂದ ‘ಹೈ ಹುಡ್’ ಎಂದು ಕರೆಸಿಕೊಳ್ಳುವ ಮಾದರಿ ಇದು. ಚಕ್ರಕ್ಕೆ ಐದರಂತೆ ಒಟ್ಟು ಇಪ್ಪತ್ತು ನಟ್ಟುಗಳು. ಕಳೆದ ವರ್ಷದವರೆಗೆ ಅವನ್ನು ನಾವು ಬಿಗಿಯುತ್ತಿದ್ದ ಕ್ರಮ ಬಹುತೇಕ ತೋಟಗಳಲ್ಲಿ ಕಾಣುವಂಥದೇ: ವೀಲ್ ಸ್ಪ್ಯಾನರ್ ಸಿಕ್ಕಿಸಿ, ಅದರ ಮೇಲೆ ಕಾಲಿಟ್ಟು ನಿಲ್ಲುವುದು. ಎಪ್ಪತ್ತು ಕಿಲೋ ತೂಕದ ಮನುಷ್ಯ ನಲವತ್ತು ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ನಿಂತರೆ ನಟ್ಟಿನ ಮೇಲೆ ಬೀಳುವ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 275 ನ್ಯೂಟನ್ ಮೀಟರ್. ಈ ಜೀಪಿಗೆ ನಾನು ಅನುಸರಿಸುವ ಮಿತಿ 60ರಿಂದ 70 ಪೌಂಡ್-ಅಡಿ, ಅಂದರೆ 81ರಿಂದ 95 ನ್ಯೂಟನ್ ಮೀಟರ್. ಬೇಕಾದದ್ದರ ಮೂರು ಪಟ್ಟು ಬಲವನ್ನು ವರ್ಷಗಟ್ಟಲೆ ಹಾಕುತ್ತಾ ಬಂದಿದ್ದೇವೆಂದು ಗೊತ್ತಾದ ದಿನವೇ, ಈ ಬಲವನ್ನು ಅಳೆದು ಬಿಗಿಯುವ ಟಾರ್ಕ್ ರೆಂಚ್ ಕೊಳ್ಳಲು ನಿರ್ಧರಿಸಿದೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಕೊಂಡದ್ದು ಅರ್ಧ ಇಂಚಿನ ಡ್ರೈವ್ (ಸಾಕೆಟ್ ಸಿಕ್ಕಿಸುವ ಚೌಕ ತುದಿ) ಇರುವ, 28ರಿಂದ 210 ನ್ಯೂಟನ್ ಮೀಟರ್ ವ್ಯಾಪ್ತಿಯ ಕ್ಲಿಕ್ ಮಾದರಿಯ ರೆಂಚು. ಇದೇ ರೂಪದ ರೆಂಚುಗಳು ಬೇರೆ ಬೇರೆ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಸಿಗುವುದರಿಂದ ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಲಿರುವ ಮುಖ್ಯ ದೋಷವೂ ಒಂದೇ ಕಂಪನಿಯದಲ್ಲ. ಉಕ್ಕಿನ ಮೈ ಗಟ್ಟಿಯಾಗಿದೆ, ಹಿಡಿಯ ಗೀರುಗಳು ಎಣ್ಣೆಗೈಯಲ್ಲೂ ಜಾರುವುದಿಲ್ಲ, ಜೊತೆಗೆ ಬರುವ ಪ್ಲಾಸ್ಟಿಕ್ ಪೆಟ್ಟಿಗೆಯ ಕೊಂಡಿ ಮಾತ್ರ ಎರಡನೇ ತಿಂಗಳಲ್ಲೇ ಮುರಿಯಿತು.

ಬಲಗಡೆಯ ಚಕ್ರಗಳ ಮಟ್ಟಿಗೆ ಈ ಉಪಕರಣದ ಮೇಲೆ ನನ್ನ ದೂರೇನೂ ಇಲ್ಲ. ಹಿಡಿಯನ್ನು ತಿರುಗಿಸಿ 88 ನ್ಯೂಟನ್ ಮೀಟರಿಗೆ ಹೊಂದಿಸಿ, ತಳದ ಲಾಕನ್ನು ಬಿಗಿಮಾಡಿ, ಹಿಡಿಯ ನಡುಭಾಗವನ್ನು ಹಿಡಿದು ಜಗ್ಗದೆ ಒಂದೇ ಸಮನೆ ಎಳೆದರೆ, ಒಳಗಿನ ಸ್ಪ್ರಿಂಗಿನ ಒತ್ತಡವನ್ನು ಮೀರಿದ ಕ್ಷಣದಲ್ಲಿ ಕೈಗೂ ಕಿವಿಗೂ ಒಟ್ಟಿಗೆ ತಿಳಿಯುವಂತೆ ‘ಕ್ಲಿಕ್’ ಎನ್ನುತ್ತದೆ. ಅಲ್ಲಿಗೆ ಕೈ ತೆಗೆಯಬೇಕು. ಕ್ಲಿಕ್ ಆದಮೇಲೆ ರೆಂಚು ನಮ್ಮನ್ನು ತಡೆಯುವುದಿಲ್ಲ, ಎಳೆಯುತ್ತಾ ಹೋದರೆ ನಟ್ಟು ಇನ್ನೂ ತಿರುಗುತ್ತದೆ. ನಮ್ಮ ತೋಟದ ಡ್ರೈವರ್ ಮೊದಲ ಬಾರಿ ನಟ್ಟೊಂದಕ್ಕೆ ಮೂರು ಮೂರು ಕ್ಲಿಕ್ ಕೊಟ್ಟು, ‘ಈಗ ಸರಿಯಾಗಿ ಕೂತಿದೆ ಅಣ್ಣಾ’ ಎಂದಿದ್ದರು; ಆ ಅಭ್ಯಾಸ ಬಿಡಿಸಲು ಒಂದು ತಿಂಗಳು ಹಿಡಿಯಿತು.

ಅಳತೆಯ ಪಟ್ಟಿಯ ವಿಷಯದಲ್ಲಿ ಎಚ್ಚರ ಬೇಕು. ರೆಂಚಿನ ಒಂದು ಬದಿಯಲ್ಲಿ ನ್ಯೂಟನ್ ಮೀಟರ್, ಇನ್ನೊಂದು ಬದಿಯಲ್ಲಿ ಪೌಂಡ್-ಅಡಿ ಇವೆ. ಒಂದು ಪೌಂಡ್-ಅಡಿಗೆ 1.356 ನ್ಯೂಟನ್ ಮೀಟರ್ ಆಗುತ್ತದೆ. ಆದರೆ ಇದರಲ್ಲಿ 20ರ ಎದುರು 28, 150ರ ಎದುರು 210 ಎಂದು, ಅಂದರೆ 1.4ರ ಲೆಕ್ಕದಲ್ಲಿ ಗೀರು ಹಾಕಿದ್ದಾರೆ. ಹಿಡಿಯ ಒಂದು ಸುತ್ತಿಗೆ ಒಂದು ಕಡೆ 10, ಇನ್ನೊಂದು ಕಡೆ 14 ಎಂದು ಸುಲಭ ಸಂಖ್ಯೆ ಬರಲಿ ಎಂಬುದು ಇದರ ಉದ್ದೇಶವಿರಬೇಕು. ಪರಿಣಾಮವಾಗಿ 65 ಪೌಂಡ್-ಅಡಿಗೆ ಹೊಂದಿಸಿದವರಿಗೆ 88ರ ಬದಲು 91 ಕಾಣಿಸುತ್ತದೆ. ವ್ಯತ್ಯಾಸ ಶೇಕಡಾ ಮೂರರಷ್ಟೇ. ಆದರೆ ಇಂಥ ರೆಂಚಿಗೆ ಐಎಸ್‌ಒ 6789 ಎಂಬ ಅಂತರರಾಷ್ಟ್ರೀಯ ಮಾನದಂಡ ಬಿಟ್ಟುಕೊಡುವ ಒಟ್ಟು ತಪ್ಪೇ ಶೇಕಡಾ ನಾಲ್ಕು. ಯಾವ ಪಟ್ಟಿ ಸರಿ ಎಂದು ನೋಡಲು ಡ್ರೈವನ್ನು ವೈಸಿಗೆ ಕಚ್ಚಿಸಿ, ಕಾಫಿ ತೂಗುವ 20 ಕಿಲೋ ಬಟ್ಟನ್ನು 40 ಸೆಂಟಿಮೀಟರ್ ದೂರದಲ್ಲಿ ಮೆಲ್ಲನೆ ತೂಗುಹಾಕಿದೆ. ಬಟ್ಟಿನಿಂದ 78.5, ರೆಂಚಿನ ಸ್ವಂತ ತೂಕದಿಂದ ಎರಡೂವರೆ, ಒಟ್ಟು 81 ನ್ಯೂಟನ್ ಮೀಟರ್ ಆಗಬೇಕು. 84ಕ್ಕೆ ಹೊಂದಿಸಿದಾಗ ಅದು ಸುಮ್ಮನಿತ್ತು, 80ಕ್ಕೆ ಇಳಿಸಿದಾಗ ಕ್ಲಿಕ್ ಎಂದಿತು. ಮನೆಯ ಪರೀಕ್ಷೆಗೆ ಇದಕ್ಕಿಂತ ಹೆಚ್ಚಿನ ಸೂಕ್ಷ್ಮತೆ ಇಲ್ಲವಾದ್ದರಿಂದ ಪೀಣ್ಯದ ಕ್ಯಾಲಿಬ್ರೇಷನ್ ಪ್ರಯೋಗಾಲಯವೊಂದಕ್ಕೆ ಕೊಟ್ಟು ನೋಡಿಸಿದೆ. ನ್ಯೂಟನ್ ಮೀಟರ್ ಪಟ್ಟಿ ಮಿತಿಯೊಳಗಿದೆ ಎಂಬ ಪ್ರಮಾಣಪತ್ರ ಬಂತು. ಅಂದಿನಿಂದ ಇನ್ನೊಂದು ಪಟ್ಟಿಯನ್ನು ನಾನು ನೋಡುವುದೇ ಇಲ್ಲ.

ಇನ್ನು ಎಡಗಡೆ. ಜೀಪಿನ ಮೂಲ ಅಮೆರಿಕನ್ ಕಂಪನಿಯಾದ ವಿಲ್ಲಿಸ್ ವಂಶದ ಹಳೆಯ ಜೀಪುಗಳಲ್ಲಿ ಎಡಗಡೆಯ ಎರಡು ಚಕ್ರಗಳ ಸ್ಟಡ್ಡುಗಳಿಗೆ (ನಟ್ಟು ಕೂರುವ ಬೋಲ್ಟುಗಳಿಗೆ) ಎಡ ಥ್ರೆಡ್ ಇರುತ್ತದೆ. ಬೇರೆಲ್ಲ ನಟ್ಟುಗಳನ್ನು ಗಡಿಯಾರದ ಮುಳ್ಳಿನಂತೆ ತಿರುಗಿಸಿ ಬಿಗಿದರೆ ಇವನ್ನು ಅದಕ್ಕೆ ವಿರುದ್ಧವಾಗಿ ತಿರುಗಿಸಿ ಬಿಗಿಯಬೇಕು. ಗಾಡಿ ಮುಂದಕ್ಕೆ ಓಡುವಾಗ ಎಡ ಚಕ್ರ ತಿರುಗುವ ದಿಕ್ಕಿನಲ್ಲಿ, ಸ್ವಲ್ಪ ಸಡಿಲಗೊಂಡ ಸಾಮಾನ್ಯ ನಟ್ಟು ತನ್ನಷ್ಟಕ್ಕೆ ಬಿಚ್ಚಿಕೊಳ್ಳಬಹುದೆಂಬ ಭಯದಿಂದ ಆ ಕಾಲದ ಎಂಜಿನಿಯರುಗಳು ಮಾಡಿಕೊಂಡ ಏರ್ಪಾಡು ಇದು. ಹಳೆಯ ಕೆಲವು ಲಾರಿಗಳಲ್ಲೂ ಇದನ್ನು ಕಾಣಬಹುದು. ನಾನು ಅಂಗಡಿಯಲ್ಲಿ ಕೇಳಿದ ಒಂದೇ ಪ್ರಶ್ನೆ, ಈ ರೆಂಚು ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆಯೇ ಎಂಬುದು. ಮಾರುವವರು ರ್‍ಯಾಚೆಟ್ಟಿನ ದಿಕ್ಕು ಬದಲಿಸುವ ಪುಟ್ಟ ಸನ್ನೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿ, ‘ನೋಡಿ ಸಾರ್, ಎರಡೂ ಕಡೆ’ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ರೆಂಚು ಎರಡೂ ಕಡೆ ತಿರುಗುತ್ತದೆ, ಆದರೆ ಅಳೆಯುವುದು ಒಂದೇ ಕಡೆ.

ಇದು ತಿಳಿದದ್ದು ಒಂದು ಸ್ಟಡ್ಡು ಕಳೆದುಕೊಂಡ ಮೇಲೆ. ಎಡ ಮುಂದಿನ ಚಕ್ರದ ಮೊದಲ ನಟ್ಟಿಗೆ ರೆಂಚು ಹಾಕಿ, ಸನ್ನೆ ತಿರುಗಿಸಿ, ಕ್ಲಿಕ್ ಬರುವುದನ್ನು ಕಾಯುತ್ತಾ ಎಳೆದೆ. ಬರಲಿಲ್ಲ. ಇನ್ನಷ್ಟು ಎಳೆದೆ. ಬಿಗಿಯಾಗುತ್ತಿದ್ದ ನಟ್ಟು ಒಮ್ಮೆಲೇ ಬೆಣ್ಣೆಯೊಳಗೆ ತಿರುಗಿದಷ್ಟು ಹಗುರಾಯಿತು. ಸ್ಟಡ್ಡಿನ ಕತ್ತು ಎಳೆತಕ್ಕೆ ಉದ್ದವಾಗಿ ಸಣ್ಣದಾಗಿತ್ತು. ಈ ಜೀಪುಗಳಲ್ಲಿ ಸ್ಟಡ್ಡನ್ನು ಹಬ್ಬಿಗೂ (ಚಕ್ರ ಕೂರುವ ನಡುಭಾಗ) ಬ್ರೇಕ್ ಡ್ರಮ್ಮಿಗೂ ಸೇರಿಸಿ ಅಂಚು ಬಡಿದು ಕೂರಿಸಿರುತ್ತಾರಾದ್ದರಿಂದ ಅದನ್ನು ಸುಮ್ಮನೆ ಸುತ್ತಿಗೆಯಿಂದ ಹೊಡೆದು ತೆಗೆಯುವಂತಿಲ್ಲ, ಬಡಿದ ಅಂಚನ್ನು ಮೊದಲು ಕತ್ತರಿಸಬೇಕು. ಎಡ ಥ್ರೆಡ್ಡಿನ ಅರ್ಧ ಇಂಚಿನ ಸ್ಟಡ್ಡು ಹುಡುಕಲು ಜೆ.ಸಿ. ರಸ್ತೆಯಲ್ಲಿ ಒಂದಿಡೀ ಮಧ್ಯಾಹ್ನ ಹೋಯಿತು. ಮನೆಗೆ ಬಂದು ಪೆಟ್ಟಿಗೆಯ ತಳದಲ್ಲಿದ್ದ ಕಾಗದವನ್ನು ಬಿಡಿಸಿದರೆ, ಕೊನೆಯ ಪುಟದ ಇರುವೆ ಅಕ್ಷರಗಳಲ್ಲಿ ಗಡಿಯಾರದ ದಿಕ್ಕಿಗೆ ಮಾತ್ರ ಬಳಸಬೇಕೆಂದು ಅಚ್ಚಾಗಿತ್ತು. ತಪ್ಪು ನನ್ನದೂ ಹೌದು. ಆದರೆ ಇಷ್ಟು ಮುಖ್ಯವಾದ ಮಾತನ್ನು ರೆಂಚಿನ ತಲೆಯ ಮೇಲೆ ಒಂದು ಬಾಣದ ಗುರುತಾಗಿ ಕೊರೆಯಲು ತಯಾರಕರಿಗೆ ಏನು ಖರ್ಚಾಗುತ್ತಿತ್ತು?

ಜೀಪು ಇರುವವರಿಗೆ ಇನ್ನೊಂದು ಮಾತು. ಎಡ ಥ್ರೆಡ್ಡಿನ ಬಗ್ಗೆ ಅಮೆರಿಕದವರು ಬರೆಯುವಾಗ ‘ಚಾಲಕನ ಬದಿ’ ಎನ್ನುವುದುಂಟು. ಅಲ್ಲಿ ಚಾಲಕ ಕೂರುವುದು ಎಡಕ್ಕೆ, ನಮ್ಮಲ್ಲಿ ಬಲಕ್ಕೆ. ಅದನ್ನೇ ನಂಬಿ ಬಿಗಿಯಲು ಹೊರಟರೆ ನಾಲ್ಕೂ ಚಕ್ರ ತಪ್ಪುತ್ತವೆ. ಅಲ್ಲದೆ ಇಷ್ಟು ವರ್ಷಗಳಲ್ಲಿ ಯಾರೋ ಹಬ್ಬನ್ನೇ ಬದಲಿಸಿರಬಹುದು, ಒಂದೆರಡು ಸ್ಟಡ್ಡುಗಳಿಗೆ ಮಾತ್ರ ಬಲ ಥ್ರೆಡ್ಡಿನವನ್ನು ಹಾಕಿರಬಹುದು. ಎಡ ಥ್ರೆಡ್ಡಿನ ಸ್ಟಡ್ಡಿನ ತುದಿಯಲ್ಲಿ ಸಾಮಾನ್ಯವಾಗಿ ‘ಎಲ್’ ಅಕ್ಷರ ಒತ್ತಿರುತ್ತಾರೆ. ವೈರ್ ಬ್ರಷ್ಷಿನಿಂದ ತಿಕ್ಕಿ ನೋಡದೆ ಪಂಕ್ಚರ್ ಅಂಗಡಿಯವರ ಏರ್ ಗನ್ನಿಗೆ ಚಕ್ರವನ್ನು ಒಪ್ಪಿಸಬೇಡಿ.

ಎಡಗಡೆಗೆಂದು ಕೊನೆಗೆ ನಾನು ತಂದದ್ದು ಹಳೆಯ ಕಾಲದ ಬೀಮ್ ರೆಂಚು. ಇದರಲ್ಲಿ ಸ್ಪ್ರಿಂಗೂ ಇಲ್ಲ, ಕ್ಲಿಕ್ಕೂ ಇಲ್ಲ. ಉದ್ದನೆಯ ಉಕ್ಕಿನ ಕಂಬಿ ಎಳೆತಕ್ಕೆ ಬಾಗುತ್ತದೆ, ಪಕ್ಕದ ಮುಳ್ಳು ಬಾಗದೆ ನಿಂತು ಪಟ್ಟಿಯ ಮೇಲೆ ಅಂಕಿ ತೋರಿಸುತ್ತದೆ. ಸೊನ್ನೆಯ ಎರಡೂ ಕಡೆ ಅಂಕಿಗಳಿರುವುದರಿಂದ ಎಡ ಥ್ರೆಡ್ಡೂ ಬಲ ಥ್ರೆಡ್ಡೂ ಅದಕ್ಕೆ ಒಂದೇ. ಬೆಲೆ ಕ್ಲಿಕ್ ರೆಂಚಿನ ಅರ್ಧಕ್ಕಿಂತ ಕಡಿಮೆ, ಕೆಡುವ ಭಾಗಗಳೂ ಇಲ್ಲವೆನ್ನಬೇಕು. ಕಷ್ಟವೆಂದರೆ ಮುಳ್ಳನ್ನು ನೇರ ಎದುರಿನಿಂದಲೇ ಓದಬೇಕು. ಶೆಡ್ಡಿನ ಮಂದ ಬೆಳಕಿನಲ್ಲಿ, ಮಂಡಿಯೂರಿ, ಒಂದು ಕೈಯಲ್ಲಿ ಟಾರ್ಚ್ ಹಿಡಿದು 88 ಎಲ್ಲಿದೆ ಎಂದು ಹುಡುಕುವುದು ನನ್ನ ವಯಸ್ಸಿನವರಿಗೆ ಸುಲಭವಲ್ಲ. ಹಿಡಿ ಒಂದು ಪಿನ್ನಿನ ಮೇಲೆ ಆಡುವಂತಿದ್ದು, ಎಳೆಯುವಾಗ ಅದರ ಎರಡೂ ತುದಿ ಕಂಬಿಗೆ ತಾಗದಂತೆ ನೋಡಿಕೊಂಡರಷ್ಟೇ ಅಂಕಿ ಸರಿ ಬರುತ್ತದೆ. ಎರಡೂ ದಿಕ್ಕಿಗೆ ಅಳೆಯುವ ಕ್ಲಿಕ್ ರೆಂಚುಗಳೂ ಸಿಗುತ್ತವೆ. ನನಗೆ ಹೇಳಿದ ಬೆಲೆ ಮೊದಲನೆಯದರ ಎರಡರಷ್ಟಿತ್ತು. ಹತ್ತು ನಟ್ಟುಗಳಿಗಾಗಿ ಅಷ್ಟು ಕೊಡಲು ಮನಸ್ಸಾಗಲಿಲ್ಲ.

ಎಲ್ಲ ಚಕ್ರಗಳೂ ಬಲ ಥ್ರೆಡ್ಡಿನವೇ ಆಗಿರುವ ಗಾಡಿಯವರು ಈ ಕ್ಲಿಕ್ ರೆಂಚನ್ನು ಧೈರ್ಯವಾಗಿ ಕೊಳ್ಳಬಹುದು. ಐದಕ್ಕೆ ನಾಲ್ಕು ಅಂಕ. ನನ್ನಂಥವರಿಗೆ ಅದು ಅರ್ಧ ಉಪಕರಣ, ಹಾಗಾಗಿ ಎರಡೂವರೆ. ಕೆಲಸ ಮುಗಿದ ಮೇಲೆ 28ಕ್ಕೆ ಇಳಿಸಿಡಿ, ಅದಕ್ಕಿಂತ ಕೆಳಗೆ ಬಿಚ್ಚಬೇಡಿ, ಬಿಗಿದ ನಟ್ಟನ್ನು ಸಡಿಲಿಸಲು ಇದನ್ನು ಬಳಸಬೇಡಿ. ಥ್ರೆಡ್ಡಿಗೆ ಎಣ್ಣೆ ಹಚ್ಚುವ ಅಭ್ಯಾಸವಿದ್ದರೆ ಈ ಅಂಕಿಗಳಿಗೆ ಅರ್ಥ ಉಳಿಯುವುದಿಲ್ಲ: ಒಣ ಥ್ರೆಡ್ಡಿನಲ್ಲಿ 88 ನ್ಯೂಟನ್ ಮೀಟರ್ ಟಾರ್ಕು ಚಕ್ರವನ್ನು ನಟ್ಟೊಂದಕ್ಕೆ ಸುಮಾರು ಮೂರೂವರೆ ಟನ್ ಬಲದಿಂದ ಡ್ರಮ್ಮಿಗೆ ಒತ್ತಿ ಹಿಡಿಯುತ್ತದೆ, ಎಣ್ಣೆಯಿದ್ದರೆ ಘರ್ಷಣೆ ತಗ್ಗಿ ಅದೇ ಕ್ಲಿಕ್ಕಿಗೆ ಆ ಬಲ ಮೂರನೇ ಒಂದರಷ್ಟು ಏರಬಹುದು.

ನಾನು ಈಗ ನಟ್ಟುಗಳನ್ನು ಬೆರಳಿನಲ್ಲೇ ಕೂರಿಸಿ, ಒಂದು ಬಿಟ್ಟು ಒಂದರಂತೆ ನಕ್ಷತ್ರದ ಕ್ರಮದಲ್ಲಿ ಮೊದಲು 40ಕ್ಕೆ, ಜಾಕ್ ಇಳಿಸಿದ ಮೇಲೆ 88ಕ್ಕೆ ಬಿಗಿದು, ಎಂಬತ್ತು ಕಿಲೋಮೀಟರ್ ಓಡಿಸಿ ಮತ್ತೆ ಪರೀಕ್ಷಿಸುತ್ತೇನೆ. ಕಳೆದ ಬಾರಿ ಹದಿನೆಂಟು ನಟ್ಟುಗಳು ಅಲುಗಲಿಲ್ಲ. ಉಳಿದೆರಡು ತಲಾ ಕಾಲು ಸುತ್ತು ತಿರುಗಿದವು. ಎರಡೂ ಬಲ ಹಿಂದಿನ ಚಕ್ರದವು. ಪೇಂಟ್ ಅಂಗಡಿಯವರು ಆ ರಿಮ್ಮಿಗೆ, ನಟ್ಟು ಕೂರುವ ಕುಳಿಗಳನ್ನೂ ಬಿಡದೆ, ದಪ್ಪನಾಗಿ ಬಣ್ಣ ಬಳಿದಿದ್ದರು. ಬಣ್ಣ ಅಪ್ಪಚ್ಚಿಯಾದಷ್ಟೂ ಬಿಗಿ ಸಡಿಲಿತ್ತು. ಐದೂ ಕುಳಿಗಳನ್ನು ಕಬ್ಬಿಣ ಕಾಣುವವರೆಗೆ ಕೆರೆದು ಚಕ್ರವನ್ನು ಹಾಕಿದ್ದೇನೆ, ಈ ಭಾನುವಾರ ಮತ್ತೆ ರೆಂಚು ಹಿಡಿದು ನೋಡಬೇಕು.