ನಿಕಾನ್ 55 ಮಿ.ಮೀ. ಮೈಕ್ರೋ ಲೆನ್ಸ್: ನಾಲ್ಕು ಮಳೆಗಾಲಗಳ ಬಳಕೆಯ ನಂತರ

ಉಡುಪಿಯ ನಮ್ಮ ಮನೆಯ ಮಾಳಿಗೆಯಲ್ಲಿ ನಾನು ಗುತ್ತಿನ ಮನೆಗಳ, ಅಂದರೆ ತುಳುನಾಡಿನ ಹಳೆಯ ದೊಡ್ಡ ಮನೆತನಗಳ ಮನೆಗಳ, ಸಣ್ಣ ಮಾದರಿಗಳನ್ನು ಕಟ್ಟುತ್ತೇನೆ. ಮುರಕಲ್ಲಿನ ಪಂಚಾಂಗದಿಂದ (ಅಡಿಪಾಯದಿಂದ) ಹಿಡಿದು ಮಾಡಿನ (ಛಾವಣಿಯ) ಕೊನೆಯ ಹೆಂಚಿನವರೆಗೆ ಮನೆ ತಾನಾಗಿಯೇ ಮೇಲೇಳುತ್ತಿರುವಂತೆ ಕಾಣಬೇಕೆಂದು ಒಂದೊಂದೇ ಫ್ರೇಮ್ ತೆಗೆದು ಅದನ್ನು ಸ್ಟಾಪ್ ಮೋಷನ್ ಚಿತ್ರವಾಗಿಸುತ್ತೇನೆ. 1:50ರ ಅಳತೆಯಲ್ಲಿ ಒಂದು ಮಂಗಳೂರು ಹೆಂಚು ಸುಮಾರು 8 ಮಿಲಿಮೀಟರ್ ಉದ್ದ, 5 ಮಿಲಿಮೀಟರ್ ಅಗಲ ಬರುತ್ತದೆ. ಅಷ್ಟು ಸಣ್ಣ ವಸ್ತು ಪರದೆಯ ಮೇಲೆ ದೊಡ್ಡದಾಗಿ ಮೂಡುವಾಗ ಫೋಕಸ್ ತುಸು ತಪ್ಪಿದರೂ ಹೆಂಚಿನ ಏಣು, ಅಂಚು ಎಲ್ಲ ಕರಗಿ ಅದು ಬರಿಯ ಮಣ್ಣಿನ ಚೂರಿನಂತೆ ಕಾಣುತ್ತದೆ. ಈ ಕೆಲಸಕ್ಕೆಂದೇ ನಾಲ್ಕು ವರ್ಷಗಳ ಹಿಂದೆ ನಾನು ಸಣ್ಣ ವಸ್ತುಗಳನ್ನು ಹತ್ತಿರದಿಂದ ಹಿಡಿಯುವ ನಿಕಾನ್‌ನ ಮ್ಯಾಕ್ರೋ ಲೆನ್ಸಾದ ಮೈಕ್ರೋ ನಿಕ್ಕೋರ್ 55 ಮಿ.ಮೀ. ಎಫ್ 2.8 ಅನ್ನು ಹಳೆಯದರಲ್ಲಿ 12,000 ರೂಪಾಯಿಗೆ ಕೊಂಡೆ. ಅಲ್ಲಿಂದೀಚೆಗೆ ನಾನು ತೆಗೆದ ಬಹುಪಾಲು ಫ್ರೇಮ್‌ಗಳು ಅದರವೇ.

ಅದಕ್ಕೂ ಮೊದಲು ಕ್ಯಾಮೆರಾದ ಜೊತೆಗೇ ಬಂದಿದ್ದ ಆಟೋಫೋಕಸ್ ಲೆನ್ಸನ್ನು ಬಳಸುತ್ತಿದ್ದೆ. ಒಮ್ಮೆ 140 ಫ್ರೇಮ್ ಮುಗಿದ ಮೇಲೆ ಪರಿಶೀಲಿಸಿದಾಗ, ನಡುವೆ ಎಲ್ಲೋ ಫೋಕಸ್ ಹೆಂಚನ್ನು ಬಿಟ್ಟು ನನ್ನ ಚಿಮಟದ ತುದಿಗೆ ಹಾರಿದ್ದು ಗೊತ್ತಾಯಿತು. ಇಡೀ ಸಂಜೆಯ ಕೆಲಸ ನೀರಿನಲ್ಲಿ ಹೋಮ ಮಾಡಿದಂತಾಯಿತು. ಆಟೋಫೋಕಸ್ ನಿಲ್ಲಿಸಿದರೂ ಇನ್ನೊಂದು ತೊಂದರೆ ಉಳಿಯುತ್ತದೆ. ವಿದ್ಯುತ್ತಿನಿಂದ ನಡೆಯುವ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಪ್ರತಿ ಫ್ರೇಮಿಗೂ ಮುಚ್ಚಿ ತೆರೆಯುತ್ತದೆ, ಅದರ ಪಟ್ಟಿಗಳು ಪ್ರತಿ ಸಲವೂ ಹಿಂದಿನ ಜಾಗದಲ್ಲೇ ಕರಾರುವಾಕ್ಕಾಗಿ ನಿಲ್ಲುವುದಿಲ್ಲ. ಒಂದೇ ಫೋಟೋದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳದು. ಸಾಲಾಗಿ ಓಡಿಸಿದಾಗ ಮಾತ್ರ ಬೆಳಕು ಮಿಣುಕುತ್ತದೆ.

ಈ ಲೆನ್ಸಿನಲ್ಲಿ ಫೋಕಸ್, ಅಪರ್ಚರ್ ಎರಡನ್ನೂ ಕೈಯಿಂದಲೇ ಹೊಂದಿಸಬೇಕು. ನನ್ನದು ಕ್ಯಾನನ್ 1500ಡಿ ಕ್ಯಾಮೆರಾ. ನಿಕಾನ್ ಲೆನ್ಸಿಗೂ ಚಿತ್ರ ಮೂಡುವ ಸೆನ್ಸರಿಗೂ ನಡುವೆ 46.5 ಮಿಲಿಮೀಟರ್ ಅಂತರ ಬೇಕು, ಕ್ಯಾನನ್‌ನಲ್ಲಿರುವುದು 44 ಮಿಲಿಮೀಟರ್. ಉಳಿದ ಎರಡೂವರೆ ಮಿಲಿಮೀಟರ್ ಜಾಗದಲ್ಲಿ ಒಂದು ತೆಳುವಾದ ಅಡಾಪ್ಟರ್ ಕೂರುತ್ತದೆ. ಹೀಗೆ ಜೋಡಿಸಿದ ಲೆನ್ಸಿನ ಮೇಲೆ ಕ್ಯಾಮೆರಾಕ್ಕೆ ಯಾವ ಹಿಡಿತವೂ ಇಲ್ಲದ್ದರಿಂದ, ಎಫ್ 11ಕ್ಕೆ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಸಣ್ಣದು) ತಿರುಗಿಸಿಟ್ಟ ಅಪರ್ಚರ್ ಉಂಗುರ ಸಾವಿರ ಫ್ರೇಮ್ ಕಳೆದರೂ ಎಫ್ 11ರಲ್ಲೇ ಇರುತ್ತದೆ. ನಾಲ್ಕು ವರ್ಷಗಳಲ್ಲಿ ನಾನು ಈ ಲೆನ್ಸನ್ನು ಮೆಚ್ಚಿದ್ದು ಮುಖ್ಯವಾಗಿ ಈ ಒಂದು ಗುಣಕ್ಕಾಗಿ: ಇಟ್ಟಲ್ಲಿ ಇದ್ದುಬಿಡುತ್ತದೆ.

ಇನ್ನು ಸ್ಪಷ್ಟತೆಯ ಲೆಕ್ಕ. ಸುಮಾರು 9 ಸೆಂಟಿಮೀಟರ್ ಅಗಲದ ಮಾಡಿನ ಭಾಗವನ್ನು ಫ್ರೇಮಿನ ತುಂಬ ಹಿಡಿದರೆ ಸೆನ್ಸರಿನ ಮೇಲೆ ಅದು ಕಾಲು ಭಾಗದಷ್ಟು ದೊಡ್ಡದಾಗಿ ಬೀಳುತ್ತದೆ. ಆ ಅಳತೆಯಲ್ಲಿ ಎಫ್ 8ರಲ್ಲಿ ಸ್ಪಷ್ಟವಾಗಿರುವ ಆಳ ಸುಮಾರು 6 ಮಿಲಿಮೀಟರ್, ಅಂದರೆ ಒಂದು ಹೆಂಚಿನ ಉದ್ದವೂ ಇಲ್ಲ. ಎಫ್ 16ಕ್ಕೆ ಇಳಿಸಿದರೆ 12 ಮಿಲಿಮೀಟರ್ ಸಿಗುತ್ತದೆ. ಉಂಗುರ ಎಫ್ 32ರವರೆಗೂ ಹೋಗುತ್ತದೆಂದು ಅಲ್ಲಿಗೇ ತಿರುಗಿಸುವ ಆಸೆ ಮೊದಲ ತಿಂಗಳು ನನಗೂ ಇತ್ತು. ಆದರೆ ಕಿಂಡಿ ಅಷ್ಟು ಸಣ್ಣದಾದಾಗ ಬೆಳಕು ಅಂಚಿನಲ್ಲಿ ಹರಡಿ, ಮುಂದಿನಿಂದ ಹಿಂದಿನವರೆಗೆ ಎಲ್ಲವೂ ಒಂದೇ ಸಮನಾಗಿ ಮಂಕಾಗುತ್ತದೆ. 1920 ಪಿಕ್ಸೆಲ್ ಅಗಲದ ವಿಡಿಯೋಕ್ಕೆ ಎಫ್ 16 ನನ್ನ ಮಟ್ಟಿಗೆ ಕೊನೆಯ ಗಡಿ, ಎಫ್ 11 ನೆಮ್ಮದಿಯ ಜಾಗ. ಮಾದರಿ ಅಲುಗಾಡುವುದಿಲ್ಲವಾದ್ದರಿಂದ ಶಟರ್ ಅರ್ಧ ಸೆಕೆಂಡ್ ತೆರೆದಿದ್ದರೂ ನಷ್ಟವಿಲ್ಲ. ಟ್ರೈಪಾಡಿನ ಕಾಲುಗಳಿಗೆ ಹೊಯ್ಗೆಯ ಚೀಲ ಕಟ್ಟಿದ್ದೇನೆ, ಅಷ್ಟೇ.

ಆಳ ಇಷ್ಟೇ ಎಂದು ಒಪ್ಪಿಕೊಂಡ ಮೇಲೆ ಅದನ್ನು ಎಲ್ಲಿ ಹಾಸಬೇಕು ಎಂಬುದನ್ನು ನಾವೇ ನಿರ್ಧರಿಸಬೇಕಾಗುತ್ತದೆ. ಇಳಿಜಾರಾದ ಮಾಡನ್ನು ಎದುರಿನಿಂದ ನೇರವಾಗಿ ನೋಡಿದರೆ ಒಂದೆರಡು ಸಾಲು ಹೆಂಚು ಮಾತ್ರ ಸ್ಪಷ್ಟವಾಗಿ, ಮೇಲಿನದೂ ಕೆಳಗಿನದೂ ಕರಗಿಹೋಗುತ್ತವೆ. ಕ್ಯಾಮೆರಾವನ್ನು ಮೇಲಿಂದ ಬಾಗಿಸಿ ಸೆನ್ಸರನ್ನು ಮಾಡಿನ ಇಳಿಜಾರಿಗೆ ಸಮಾನಾಂತರವಾಗಿ ನಿಲ್ಲಿಸಿದರೆ ಅಷ್ಟೇ ಆಳದೊಳಗೆ ಇಡೀ ಮಾಡು ಬಂದು ಕೂರುತ್ತದೆ. ಇದಕ್ಕೆ ನಾನೊಂದು ಸಣ್ಣ ಕನ್ನಡಿಯ ತುಂಡನ್ನು ಬಳಸುತ್ತೇನೆ. ಅದನ್ನು ಮಾಡಿನ ಮೇಲೆ ಮಲಗಿಸಿ, ಕ್ಯಾಮೆರಾದ ಪರದೆಯಲ್ಲಿ ನೋಡುತ್ತಾ, ಲೆನ್ಸಿನದೇ ಕಪ್ಪು ವೃತ್ತದ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಬರುವವರೆಗೆ ಟ್ರೈಪಾಡಿನ ತಲೆಯನ್ನು ಹೊಂದಿಸುತ್ತೇನೆ. ಬಳಿಕ ಕನ್ನಡಿ ತೆಗೆದು, ಪರದೆಯ ಮೇಲಿನ ನೇರ ನೋಟವನ್ನು (ಲೈವ್ ವ್ಯೂ) 10 ಪಟ್ಟು ಹಿಗ್ಗಿಸಿ, ಅಪರ್ಚರನ್ನು ಪೂರ್ತಿ ತೆರೆದ ಎಫ್ 2.8ರಲ್ಲಿ ಒಂದು ಹೆಂಚಿನ ಏಣಿನ ಮೇಲೆ ಫೋಕಸ್ ಕೂರಿಸಿ, ಆಮೇಲೆ ಎಫ್ 11ಕ್ಕೆ ಇಳಿಸುತ್ತೇನೆ. ಇಷ್ಟು ಹತ್ತಿರದಲ್ಲಿ ಸ್ಪಷ್ಟತೆಯ ಆಳ ಫೋಕಸಿನ ಮುಂದೆಯೂ ಹಿಂದೆಯೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುವುದರಿಂದ, ಮುಖ್ಯವಾದ ಭಾಗದ ನಡುವಿನಲ್ಲೇ ಫೋಕಸ್ ಹಿಡಿಯುವುದು ಸರಿ.

ಒಂದೇ ಫ್ರೇಮಿಗೆ ಐದಾರು ಫೋಕಸಿನಲ್ಲಿ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸುವ ವಿಧಾನವನ್ನೂ ಮಾಡಿ ನೋಡಿದ್ದೇನೆ. ಸೆಕೆಂಡಿಗೆ 12 ಫ್ರೇಮಿನಂತೆ 10 ಸೆಕೆಂಡಿಗೆ 120 ಫ್ರೇಮ್, ಐದೈದರಂತೆ 600 ಫೋಟೋ. ಮುಗಿದ ಮನೆಯ ಸ್ಥಿರಚಿತ್ರಕ್ಕೆ ಅದು ಸೊಗಸು, ಚಲನೆಗೆ ನನ್ನಿಂದಾಗದು.

ಫೋಕಸನ್ನು ತುಳಸಿಕಟ್ಟೆಯಿಂದ ಬಾಗಿಲಿಗೆ ಸರಿಸಬೇಕಾದ ದೃಶ್ಯಗಳಲ್ಲಿ ಈ ಲೆನ್ಸಿನ ಉಂಗುರದ ಬೆಲೆ ತಿಳಿಯುತ್ತದೆ. ಹತ್ತಿರದ ದೂರಗಳಲ್ಲಿ ಅದು ಬಹಳ ಉದ್ದಕ್ಕೆ ತಿರುಗುತ್ತದೆ. ಸುತ್ತಲೂ ಕಾಗದದ ಪಟ್ಟಿ ಅಂಟಿಸಿ 24 ಗೆರೆ ಎಳೆದು, ಫ್ರೇಮಿಗೊಂದು ಗೆರೆಯಂತೆ ಉಂಗುರ ತಿರುಗಿಸುತ್ತೇನೆ. ಆರಂಭದ ಕೆಲವು ಗೆರೆಗಳನ್ನೂ ಕೊನೆಯ ಕೆಲವು ಗೆರೆಗಳನ್ನೂ ಒತ್ತೊತ್ತಾಗಿ ಎಳೆದರೆ ಫೋಕಸ್ ಮೆಲ್ಲಗೆ ಹೊರಟು ಮೆಲ್ಲಗೆ ನಿಲ್ಲುತ್ತದೆ. ಜೊತೆಗೆ ಚಿತ್ರದ ಗಾತ್ರವೂ ಸ್ವಲ್ಪ ಹಿಗ್ಗಿ ಕುಗ್ಗುತ್ತದೆ, ಆದ್ದರಿಂದ ಫ್ರೇಮಿನ ಅಂಚಿನಲ್ಲಿ ತುಸು ಜಾಗ ಬಿಟ್ಟಿರಬೇಕು.

ನಮ್ಮ ಕರಾವಳಿಯ ಮಳೆಗಾಲವನ್ನು ಬಿಟ್ಟು ಈ ವಿಮರ್ಶೆ ಬರೆಯಲಾಗದು. ಮೂರನೆಯ ವರ್ಷದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಲೆನ್ಸನ್ನು ದೀಪಕ್ಕೆ ಹಿಡಿದಾಗ ಒಳಗಿನ ಗಾಜಿನ ಅಂಚಿನಲ್ಲಿ ಜೇಡನ ಬಲೆಯಂಥ ಬಿಳಿ ಎಳೆಗಳು ಕಂಡವು. ಅದನ್ನು ಚರ್ಮದ ಚೀಲದಲ್ಲಿಟ್ಟು ಕಪಾಟಿನೊಳಗೆ ಇಡುತ್ತಿದ್ದದ್ದು ನನ್ನದೇ ತಪ್ಪು. ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಮಂಗಳೂರಿನ ಒಬ್ಬ ಮೆಕ್ಯಾನಿಕ್ ಬಿಚ್ಚಿ ಒರೆಸಿಕೊಟ್ಟರು, ಗುರುತು ಉಳಿಯಲಿಲ್ಲ. ಈಗ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, 45 ಶೇಕಡಾ ತೋರಿಸುವ ತೇವಮಾಪಕ. ಜೆಲ್ ಬಣ್ಣ ಬದಲಿಸಿದಾಗ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸುತ್ತೇನೆ. ತೇವ ಮರವನ್ನೂ ಬಿಡುವುದಿಲ್ಲ: ಜುಲೈಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ಪ್ಲೈವುಡ್ ಹಲಗೆ ಉಬ್ಬಿ ಮಾದರಿ ಫೋಕಸಿನಿಂದ ಸರಿದದ್ದುಂಟು. ಹಾಗಾಗಿ ಒಂದು ದೃಶ್ಯವನ್ನು ಮರುದಿನಕ್ಕೆ ಉಳಿಸುವುದನ್ನೇ ಬಿಟ್ಟಿದ್ದೇನೆ.

ಕೊರತೆ ಎನ್ನುವುದಾದರೆ ಕೈಯಾಡಿಸಲು ಜಾಗ ಸಾಲದು. ಅತಿ ಹತ್ತಿರದ ಫೋಕಸಿನಲ್ಲಿ ಲೆನ್ಸಿನ ಮೂತಿಗೂ ಹೆಂಚಿಗೂ ನಡುವೆ ಅರ್ಧ ಗೇಣಿನಷ್ಟೇ ಅಂತರ. ಚಿಮಟ ಹಿಡಿದ ಕೈ ಬೆಳಕಿಗೆ ಅಡ್ಡಬರುತ್ತದೆ, ಎಚ್ಚರ ತಪ್ಪಿದರೆ ಲೆನ್ಸಿಗೂ ತಾಗುತ್ತದೆ. ಅಂಗುಲದಷ್ಟು ಸಣ್ಣ ಮಾದರಿಗಳನ್ನೇ ಕಟ್ಟುವವರಿಗೆ 105 ಮಿಲಿಮೀಟರಿನ ಮ್ಯಾಕ್ರೋ ಲೆನ್ಸ್ ಹೆಚ್ಚು ಅನುಕೂಲ. ಮನೆ, ತೇರು, ದೋಣಿಯ ಗಾತ್ರದ ಮಾದರಿಗಳಿಗೆ 55 ಸಾಕು.

ಹಳೆಯದನ್ನು ಕೊಳ್ಳುವವರು ಟಾರ್ಚ್ ಒಯ್ಯಿರಿ. ಹಿಂದಿನಿಂದ ಬೆಳಕು ಬಿಟ್ಟು ಎಳೆಗಳಿವೆಯೇ ನೋಡಿ, ಎಫ್ 16ಕ್ಕೆ ಇಳಿಸಿ ಅಪರ್ಚರಿನ ಪಟ್ಟಿಗಳ ಮೇಲೆ ಎಣ್ಣೆಯ ಹೊಳಪಿದೆಯೇ ಗಮನಿಸಿ, ಕೊನೆಗೆ ಲೆನ್ಸನ್ನು ಕೆಳಮುಖವಾಗಿ ಒಂದು ನಿಮಿಷ ಹಿಡಿದು ಫೋಕಸ್ ಉಂಗುರ ತಾನಾಗಿ ಜಾರುತ್ತದೆಯೇ ಪರೀಕ್ಷಿಸಿ. ಜಾರಿದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬೇರೆಯದನ್ನು ಹುಡುಕಿ.