ಡೆಲ್ ಯು2723ಕ್ಯೂಇ ವಿಮರ್ಶೆ: ಹೆಚ್ಚು ಪಿಕ್ಸೆಲ್‌ನ ಲ್ಯಾಪ್‌ಟಾಪಿಗೆ ಸರಿಜೋಡಿಯೇ?

ಒಳ್ಳೆಯ ಪರದೆಯ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೇ ಹೊರಗಿನ ಮಾನಿಟರ್ ಹೆಚ್ಚು ಕಾಟ ಕೊಡುವುದು. 14 ಇಂಚಿನಲ್ಲಿ 2880×1800 ಇದ್ದರೆ ಇಂಚಿಗೆ ಸುಮಾರು 243 ಪಿಕ್ಸೆಲ್ ಆಯಿತು. ಅದರ ಪಕ್ಕದಲ್ಲಿ 24 ಇಂಚಿನ ಸಾಧಾರಣ ಫುಲ್ ಎಚ್‌ಡಿ ಮಾನಿಟರ್ ತಂದಿಟ್ಟರೆ ಅಲ್ಲಿ ಇಂಚಿಗೆ ಬರೀ 92. ಕಣ್ಣು ಒಂದರಿಂದ ಇನ್ನೊಂದಕ್ಕೆ ಹೊರಳಿದ ಕೂಡಲೇ ಅಕ್ಷರದ ಅಂಚು ಗರಗಸದ ಹಲ್ಲಿನ ಹಾಗೆ ಕಾಣುತ್ತದೆ.

ಇಂಗ್ಲಿಷ್ ಮಾತ್ರ ಓದುವವರು ಇದನ್ನು ಹೇಗೋ ಸಹಿಸಿಕೊಳ್ಳಬಹುದು, ಕನ್ನಡ ಓದುವವರಿಗೆ ಕಷ್ಟ. ವಿಂಡೋಸ್ ಜೊತೆಗೇ ಬರುವ ನಿರ್ಮಲ ಯುಐ ಫಾಂಟಿನಲ್ಲಿ 11 ಪಾಯಿಂಟಿಗೆ ‘ಸ್ವಾತಂತ್ರ್ಯ’ ಎಂದು ಟೈಪ್ ಮಾಡಿ ನೋಡಿ. 100% ಸ್ಕೇಲಿನಲ್ಲಿ (ಅಕ್ಷರ, ಬಟನ್ ಎಲ್ಲವನ್ನೂ ಎಷ್ಟು ಹಿಗ್ಗಿಸಿ ತೋರಿಸಬೇಕೆಂಬ ಸೆಟ್ಟಿಂಗ್ ಇದು) ಆ ಫಾಂಟಿನ ಅಳತೆ ಹೆಚ್ಚುಕಡಿಮೆ 15 ಪಿಕ್ಸೆಲ್. ಅಷ್ಟರೊಳಗೆ ತ, ಅದರಡಿ ರ ಒತ್ತು, ಮಗ್ಗುಲಲ್ಲಿ ಯ ಒತ್ತು, ಮೂರೂ ಕೂರಬೇಕು. ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಬೂದು ಮಚ್ಚೆಯಾಗುತ್ತವೆ. ಇನ್ನೂ ತೊಂದರೆಯ ವಿಷಯ ಮಹಾಪ್ರಾಣದ ಹೊಟ್ಟೆ ಸೀಳು. ‘ದನ’ ಮತ್ತು ‘ಧನ’ದ ನಡುವೆ ಇರುವುದು ಆ ಒಂದು ಸೀಳು ಮಾತ್ರ. 92ರ ಪರದೆಯಲ್ಲಿ ಅದು ಒಂದೇ ಪಿಕ್ಸೆಲ್‌ನ ಮಬ್ಬು ಗೀಟಾಗಿ ಉಳಿಯುತ್ತದೆ. ದಿನವಿಡೀ ಕರಡು ತಿದ್ದುವವರ ಕಣ್ಣು ತಪ್ಪುವುದು ಇಲ್ಲೇ. ಅದೇ ಪದ 150% ಸ್ಕೇಲಿನಲ್ಲಿ 22 ಪಿಕ್ಸೆಲ್ ಅಳತೆಗೆ ಬಂದರೆ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ಸೀಳು ಸೀಳಾಗಿಯೇ ಕಾಣುತ್ತದೆ.

ಡೆಲ್ ಅಲ್ಟ್ರಾಶಾರ್ಪ್ ಯು2723ಕ್ಯೂಇ ಇಂಥವರಿಗೆ ಹೇಳಿ ಮಾಡಿಸಿದ ಹಾಗಿದೆ. 2022ರಲ್ಲಿ ಬಂದ 27 ಇಂಚಿನ 4ಕೆ ಮಾನಿಟರ್ ಇದು: 3840×2160 ಪಿಕ್ಸೆಲ್, ಇಂಚಿಗೆ 163, 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗುತ್ತದೆ). ಐಪಿಎಸ್ ಬ್ಲ್ಯಾಕ್ ಪ್ಯಾನಲ್ (ಕಪ್ಪು ಇನ್ನಷ್ಟು ಕಪ್ಪಾಗಿ ಕಾಣುವ ಬಗೆಯ ಐಪಿಎಸ್ ಪರದೆ) ಇರುವುದರಿಂದ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅನುಪಾತ, 2000:1. ಮಾಮೂಲಿ ಐಪಿಎಸ್‌ನಲ್ಲಿ ಇದರ ಅರ್ಧ, 1000:1ರ ಆಸುಪಾಸು. ಕತ್ತಲೆ ಕೋಣೆಯಲ್ಲಿ ಡಾರ್ಕ್ ಮೋಡ್ ಹಾಕಿ ಕೂತರೆ ವ್ಯತ್ಯಾಸ ಗೊತ್ತಾಗುತ್ತದೆ, ಕಪ್ಪು ಬೂದಿ ಬಣ್ಣಕ್ಕೆ ತಿರುಗುವುದು ಕಡಿಮೆ. ಓಎಲ್‌ಇಡಿ ಲ್ಯಾಪ್‌ಟಾಪಿನ ಕಪ್ಪಿಗೆ ಮಾತ್ರ ಇದನ್ನು ಹೋಲಿಸಬೇಡಿ, ಅದರ ದಾರಿಯೇ ಬೇರೆ. ಪರದೆಗೆ ಮ್ಯಾಟ್ ಲೇಪವಿದೆ, ಕಿಟಕಿ ಎದುರು ಕೂರುವವರಿಗೆ ಅನುಕೂಲ.

ಇದರ ದೊಡ್ಡ ಗುಣ ಒಂದೇ ಕೇಬಲಿನಲ್ಲಿ ಎಲ್ಲವೂ ಹೋಗುವುದು. ಯುಎಸ್‌ಬಿ-ಸಿ ಮೂಲಕ ಚಿತ್ರ ಮಾನಿಟರಿಗೆ ಹೋಗುತ್ತದೆ, 90 ವಾಟ್ ಚಾರ್ಜ್ ಲ್ಯಾಪ್‌ಟಾಪಿಗೆ ಬರುತ್ತದೆ, ಹಿಂದಿರುವ ಯುಎಸ್‌ಬಿ ಪೋರ್ಟುಗಳೂ ಗಿಗಾಬಿಟ್ ಈಥರ್ನೆಟ್ ಪೋರ್ಟೂ ಜೀವ ಪಡೆಯುತ್ತವೆ. ಹಲವು ಪೋರ್ಟು ಒದಗಿಸುವ ಡಾಕ್ ಎಂಬ ಪೆಟ್ಟಿಗೆಯನ್ನು ಬೇರೆ ಕೊಳ್ಳುವ ಖರ್ಚು ತಪ್ಪಿತು.

ಕೇಬಲಿನ ಮಾತು ಇಲ್ಲೇ ಆಗಿಬಿಡಲಿ, ಹತ್ತರಲ್ಲಿ ಎಂಟು ಸಲ ತೊಂದರೆ ಹುಟ್ಟುವುದು ಅಲ್ಲೇ. ಪೆಟ್ಟಿಗೆಯಲ್ಲಿ ಬರುವ ಯುಎಸ್‌ಬಿ-ಸಿ ಕೇಬಲನ್ನೇ ಬಳಸಿ. ಎರಡೂ ತುದಿಯಲ್ಲಿ ಅದೇ ಆಕಾರ ಇದೆ ಎಂದು ಫೋನ್ ಚಾರ್ಜರಿನ ಕೇಬಲ್ ಚುಚ್ಚಿದರೆ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ, ಪರದೆ ಮಾತ್ರ ಕತ್ತಲೆ. ಅಂಥ ಬಹುತೇಕ ಕೇಬಲುಗಳಲ್ಲಿ ಯುಎಸ್‌ಬಿ 2.0 ತಂತಿಗಳಷ್ಟೇ ಇರುತ್ತವೆ, ವಿಡಿಯೊ ಸಾಗಿಸುವ ಜೋಡಿ ತಂತಿಗಳನ್ನು ಹಾಕಿರುವುದೇ ಇಲ್ಲ. ಇನ್ನೊಂದು ಲೆಕ್ಕವೂ ಇದೆ. 20 ವೋಲ್ಟಿನಲ್ಲಿ 3 ಆಂಪಿಯರ್ ಸಾಗಿಸುವ ಕೇಬಲ್ 60 ವಾಟಿಗೇ ನಿಲ್ಲುತ್ತದೆ. 90 ವಾಟ್ ಬೇಕಾದರೆ 5 ಆಂಪಿಯರಿನ, ಒಳಗೆ ಇ-ಮಾರ್ಕರ್ ಚಿಪ್ (ಕೇಬಲಿನ ಸಾಮರ್ಥ್ಯವನ್ನು ಸಾಧನಗಳಿಗೆ ತಿಳಿಸುವ ಚಿಪ್) ಇರುವ ಕೇಬಲ್ಲೇ ಆಗಬೇಕು. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಬದಲಿ ಕೇಬಲ್ ಕೊಳ್ಳುವುದಾದರೆ ‘ಟೈಪ್ ಸಿ ಕೇಬಲ್ ಕೊಡಿ’ ಎಂದಷ್ಟೇ ಕೇಳಿ ಬರಬೇಡಿ. 10 ಜಿಬಿಪಿಎಸ್ ಅಥವಾ ಅದಕ್ಕೂ ಮೇಲು, 100 ವಾಟ್ ಅಥವಾ ಮೇಲು, 4ಕೆ ವಿಡಿಯೊ, ಈ ಮೂರನ್ನೂ ಪೊಟ್ಟಣದ ಮೇಲೆ ಓದಿ ತನ್ನಿ. ಉದ್ದ ಒಂದು ಮೀಟರಿನೊಳಗೇ ಇರಲಿ.

ಲ್ಯಾಪ್‌ಟಾಪಿನ ಪೋರ್ಟೂ ಒಪ್ಪಬೇಕು. ಪಕ್ಕದಲ್ಲಿ ಥಂಡರ್‌ಬೋಲ್ಟ್ ಎಂಬ ವೇಗದ ಸಂಪರ್ಕದ ಸಿಡಿಲಿನ ಗುರುತೋ ಡಿಸ್ಪ್ಲೇಪೋರ್ಟಿನ ‘ಡಿ’ ಆಕಾರದ ಗುರುತೋ ಇದ್ದರೆ ನಿಶ್ಚಿಂತೆ. ಗುರುತೇ ಇಲ್ಲದಿದ್ದರೆ ಮಾಡೆಲ್‌ನ ಸ್ಪೆಸಿಫಿಕೇಶನ್ ಪುಟದಲ್ಲಿ ಡಿಸ್ಪ್ಲೇಪೋರ್ಟ್ ಆಲ್ಟ್ ಮೋಡ್ (ಸಿ ಪೋರ್ಟಿನಿಂದಲೇ ಚಿತ್ರ ಕಳಿಸುವ ಸೌಲಭ್ಯ) ಎಂಬ ಮಾತು ಹುಡುಕಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎರಡು ಸಿ ಪೋರ್ಟ್ ಇದ್ದು, ಒಂದರಲ್ಲಿ ಮಾತ್ರ ಚಿತ್ರ ಬರುತ್ತದೆ.

ಚಿತ್ರ ಬಂತು ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಎಷ್ಟು ಹರ್ಟ್ಸ್‌ನಲ್ಲಿ ಬಂತು ಎಂದು ನೋಡಲೇಬೇಕು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್ಪ್ಲೇ, ಅಡ್ವಾನ್ಸ್ಡ್ ಡಿಸ್ಪ್ಲೇ ತೆರೆದರೆ ಅಲ್ಲಿ ಬರೆದಿರುತ್ತದೆ. 30 ಎಂದಿದ್ದರೆ ಮೌಸ್ ಬಾಣ ಜಾರುವ ಬದಲು ಕುಪ್ಪಳಿಸುತ್ತಾ ಸಾಗುತ್ತದೆ, ಪುಟ ಸರಿಸಿದರೆ ಸಾಲುಗಳು ನಡುಗುತ್ತವೆ, ಸಂಜೆಯ ಹೊತ್ತಿಗೆ ತಲೆ ಭಾರ. ಹಲವರು ಇದನ್ನು ಮಾನಿಟರಿನ ದೋಷ ಎಂದುಕೊಂಡು ವಾಪಸ್ ಕೊಡುತ್ತಾರೆ. ಕಾರಣ ಇರುವುದು ಮಾನಿಟರ್ ಮೆನುವಿನ ಒಂದು ಸಾಲಿನಲ್ಲಿ.

ಯುಎಸ್‌ಬಿ-ಸಿ ಕೇಬಲಿನೊಳಗೆ ವೇಗದ ಲೇನ್ (ಮಾಹಿತಿ ಸಾಗುವ ತಂತಿ ಜೋಡಿ) ನಾಲ್ಕು. ನಾಲ್ಕನ್ನೂ ಚಿತ್ರಕ್ಕೆ ಕೊಟ್ಟರೆ ಯುಎಸ್‌ಬಿ ಪೋರ್ಟುಗಳು 2.0 ವೇಗಕ್ಕೆ, ಅಂದರೆ 480 ಎಂಬಿಪಿಎಸ್‌ಗೆ ಇಳಿಯುತ್ತವೆ. ಎರಡು ಚಿತ್ರಕ್ಕೆ, ಎರಡು ಡೇಟಾಕ್ಕೆ ಹಂಚಿದರೆ ಪೋರ್ಟುಗಳು 10 ಜಿಬಿಪಿಎಸ್ ಓಡುತ್ತವೆ, ಆದರೆ ಚಿತ್ರದ ದಾರಿ ಕಿರಿದಾಗುತ್ತದೆ. ಮಾನಿಟರಿನ ಮೆನುವಿನಲ್ಲಿರುವ ಯುಎಸ್‌ಬಿ-ಸಿ ಪ್ರಯಾರಿಟೈಸೇಶನ್ ಇದನ್ನೇ ಕೇಳುತ್ತದೆ: ಹೈ ರೆಸಲ್ಯೂಶನ್ ಬೇಕೋ, ಹೈ ಡೇಟಾ ಸ್ಪೀಡ್ ಬೇಕೋ. 4ಕೆ 60 ಹರ್ಟ್ಸ್‌ಗೆ, 8 ಬಿಟ್ ಬಣ್ಣದಲ್ಲಿ, ಸುಮಾರು 12.8 ಜಿಬಿಪಿಎಸ್ ಬೇಕು. ಡಿಸ್ಪ್ಲೇಪೋರ್ಟ್ 1.4 ಬಲ್ಲ ಲ್ಯಾಪ್‌ಟಾಪಿನಲ್ಲಿ ಎರಡು ಲೇನ್ ಸೇರಿ 12.96 ಸಾಗಿಸುತ್ತವೆ, ಕೂದಲೆಳೆಯಲ್ಲಿ ಹಿಡಿಸುತ್ತದೆ. ಡಿಸ್ಪ್ಲೇಪೋರ್ಟ್ 1.2ರ ಲ್ಯಾಪ್‌ಟಾಪಿನಲ್ಲಿ ಅದೇ ಎರಡು ಲೇನಿಗೆ 8.64 ಮಾತ್ರ, ಹಾಗಾಗಿ 30 ಹರ್ಟ್ಸ್‌ಗೆ ಕುಸಿಯುತ್ತದೆ. ಇಂಟೆಲ್ 8ನೇ ತಲೆಮಾರಿನ ಯುಎಚ್‌ಡಿ 620 ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪುಗಳು ಈ ಗುಂಪಿನವು, ಅವುಗಳಲ್ಲಿ ಹೈ ರೆಸಲ್ಯೂಶನ್ ಆರಿಸಿ. 11ನೇ ತಲೆಮಾರಿನ ಇಂಟೆಲ್ ಕೋರ್, ಆ್ಯಪಲ್ ಎಂ ಸರಣಿಯವರು ಹೈ ಡೇಟಾ ಸ್ಪೀಡ್‌ನಲ್ಲೇ ಇಟ್ಟರೂ 60 ಸಿಗುತ್ತದೆ.

ಹೈ ರೆಸಲ್ಯೂಶನ್‌ಗೆ ತೆರಬೇಕಾದ ಬೆಲೆ ಏನು? ಕೀಬೋರ್ಡು, ಮೌಸು, ವೆಬ್‌ಕ್ಯಾಮಿಗೆ ಏನೂ ಆಗದು. ಮಾನಿಟರಿಗೆ ಎಸ್‌ಎಸ್‌ಡಿ ಸಿಕ್ಕಿಸಿ ಫೈಲ್ ನಕಲು ಮಾಡುವವರಿಗೆ ಸೆಕೆಂಡಿಗೆ 40 ಎಂಬಿ ಆಸುಪಾಸಿನಲ್ಲಿ ತೆವಳುತ್ತದೆ, ಗಿಗಾಬಿಟ್ ಈಥರ್ನೆಟ್ಟೂ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಅಂಥವರು ಎಸ್‌ಎಸ್‌ಡಿಯನ್ನು ನೇರ ಲ್ಯಾಪ್‌ಟಾಪಿಗೇ ಚುಚ್ಚಿಕೊಳ್ಳಲಿ.

ಎಚ್‌ಡಿಎಂಐ ದಾರಿ ಹಿಡಿಯುವವರಿಗೂ ಇದೇ ಬಲೆ. ಹಳೆಯ ಲ್ಯಾಪ್‌ಟಾಪಿನ ಎಚ್‌ಡಿಎಂಐ 1.4 ಪೋರ್ಟ್ 4ಕೆಯನ್ನು 30ರಲ್ಲೇ ಕೊಡುತ್ತದೆ, 60ಕ್ಕೆ 2.0 ಬೇಕು. ಅಗ್ಗದ ಸಿ-ಹಬ್ಬುಗಳ (ಒಂದು ಸಿ ಪೋರ್ಟಿನಿಂದ ಹಲವು ಪೋರ್ಟು ಕೊಡುವ ಸಾಧನ) ಡಬ್ಬದ ಮೇಲೆ ‘4ಕೆ’ ಎಂದು ದಪ್ಪಕ್ಷರದಲ್ಲಿ ಬರೆದು, 30 ಹರ್ಟ್ಸ್ ಎಂಬುದನ್ನು ಮೂಲೆಯಲ್ಲಿ ಸಣ್ಣದಾಗಿ ಹಾಕಿರುತ್ತಾರೆ.

ಮುಂದಿನದು ಸ್ಕೇಲ್. ವಿಂಡೋಸ್‌ನಲ್ಲಿ 14 ಇಂಚಿನ ಆ ಲ್ಯಾಪ್‌ಟಾಪ್ 200%ನಲ್ಲಿರುತ್ತದೆ ಎಂದುಕೊಳ್ಳಿ. ಮಾನಿಟರಿಗೆ 150% ಕೊಟ್ಟರೆ 2560×1440ರಷ್ಟು ಜಾಗ ಸಿಗುತ್ತದೆ, ಎರಡು ಕಡತಗಳನ್ನು ಅಕ್ಕಪಕ್ಕ ತೆರೆದು ಕೂರಬಹುದು. ಆದರೆ ಮಾನಿಟರ್ ಲ್ಯಾಪ್‌ಟಾಪಿಗಿಂತ ದೂರದಲ್ಲಿರುತ್ತದೆ. ಲ್ಯಾಪ್‌ಟಾಪ್ 55 ಸೆಂಟಿಮೀಟರ್, ಮಾನಿಟರ್ 70 ಸೆಂಟಿಮೀಟರ್ ದೂರದಲ್ಲಿದ್ದರೆ ಎರಡರಲ್ಲೂ ಅಕ್ಷರ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಗಾತ್ರವಾಗಿ ಕಾಣುವುದು 175%ರಲ್ಲಿ. ನಲವತ್ತು ದಾಟಿದವರು, ಕನ್ನಡವನ್ನೇ ಹೆಚ್ಚು ಓದುವವರು 175%ರಿಂದಲೇ ಶುರು ಮಾಡುವುದು ಒಳ್ಳೆಯದು.

ಸ್ಕೇಲ್ ಬದಲಿಸಿದ ಮೇಲೆ ಒಮ್ಮೆ ಸೈನ್ ಔಟ್ ಮಾಡಿ ಮತ್ತೆ ಒಳಬನ್ನಿ. ಇದನ್ನು ಬಿಟ್ಟವರೇ ‘ಕೆಲವು ಸಾಫ್ಟ್‌ವೇರ್ ಮಾತ್ರ ಮಸುಕು’ ಎಂದು ದೂರುವುದು. ಹಳೆಯ ಪ್ರೋಗ್ರಾಮುಗಳು ಸೈನ್ ಇನ್ ಆದ ಹೊತ್ತಿಗೆ ಮುಖ್ಯ ಪರದೆ ಯಾವ ಸ್ಕೇಲಿನಲ್ಲಿತ್ತೋ ಅದನ್ನೇ ಹಿಡಿದುಕೊಂಡಿರುತ್ತವೆ. ಬೇರೆ ಸ್ಕೇಲಿನ ಪರದೆಗೆ ಎಳೆದಾಗ ವಿಂಡೋಸ್ ಅವುಗಳ ಚಿತ್ರವನ್ನೇ ಹಿಗ್ಗಿಸಿಯೋ ಕುಗ್ಗಿಸಿಯೋ ತೋರಿಸುತ್ತದೆ. ಮಾನಿಟರಿನಲ್ಲೇ ಹೆಚ್ಚು ಕೆಲಸವಾದರೆ ಅದನ್ನೇ ಮುಖ್ಯ ಪರದೆ ಮಾಡಿ. ಆಮೇಲೂ ಮಸುಕು ಉಳಿದರೆ ಆ ಪ್ರೋಗ್ರಾಮಿನ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್‌ಗೆ ಹೋಗಿ, ಕೆಳಗಿನ ಓವರ್‌ರೈಡ್‌ಗೆ ಟಿಕ್ ಹಾಕಿ ಸಿಸ್ಟಮ್ (ಎನ್ಹಾನ್ಸ್ಡ್) ಆರಿಸಿ. ಬಹಳಷ್ಟು ಹಳೆಯ ಲೆಕ್ಕಪತ್ರದ ಪ್ರೋಗ್ರಾಮುಗಳ ಅಕ್ಷರ ಇದರಿಂದ ತಿಳಿಯಾಗುತ್ತದೆ. ಬಟನ್‌ಗಳು ಜಾಗ ತಪ್ಪಿದರೆ ಟಿಕ್ ತೆಗೆಯಿರಿ.

ಮೌಸ್ ಬಾಣ ಒಂದು ಪರದೆಯಿಂದ ಇನ್ನೊಂದಕ್ಕೆ ದಾಟುವಾಗ ಅಂಚಿಗೆ ಬಡಿದು ನಿಲ್ಲುವುದೂ ಮಾಮೂಲು. ಡಿಸ್ಪ್ಲೇ ಜೋಡಣೆಯ ಚೌಕಗಳನ್ನು ವಿಂಡೋಸ್ ಅಸಲಿ ಪಿಕ್ಸೆಲ್ ಲೆಕ್ಕದಲ್ಲಿ ಬರೆಯುತ್ತದೆ. ಮಾನಿಟರಿನ ಎತ್ತರ 2160, ಲ್ಯಾಪ್‌ಟಾಪಿನದು 1800. ಕೆಳ ಅಂಚು ಕೂಡಿಸಿದರೆ ಮೇಲಿನ 360 ಪಿಕ್ಸೆಲ್ ಗೋಡೆಯಾಯಿತು. ವಿಂಡೋಸ್ 11ರಲ್ಲಿ ಮಲ್ಟಿಪಲ್ ಡಿಸ್ಪ್ಲೇಸ್ ಅಡಿ ‘ಈಸ್ ಕರ್ಸರ್ ಮೂವ್‌ಮೆಂಟ್’ ಆನ್ ಮಾಡಿದರೆ ಬಾಣ ಆ ಗೋಡೆಯನ್ನೂ ದಾಟುತ್ತದೆ. ಅಲ್ಲೇ ಇರುವ ‘ರಿಮೆಂಬರ್ ವಿಂಡೋ ಲೊಕೇಶನ್ಸ್’ ಕೂಡ ಆನ್ ಇರಲಿ. ಕರೆಂಟ್ ಹೋಗಿ ಬಂದಾಗ ಮಾನಿಟರಿನಲ್ಲಿದ್ದ ಕಿಟಕಿಗಳು ಮರಳಿ ತಮ್ಮ ಜಾಗಕ್ಕೇ ಹೋಗುತ್ತವೆ.

ಮ್ಯಾಕ್‌ಬುಕ್‌ನವರಿಗೆ 163 ಸ್ವಲ್ಪ ಇಕ್ಕಟ್ಟಿನ ಸಂಖ್ಯೆ. ಮ್ಯಾಕ್ ಓಎಸ್ ಎರಡು ಪಟ್ಟು ಸ್ಕೇಲನ್ನೇ ನಂಬಿದ ವ್ಯವಸ್ಥೆ. 1920×1080 ಆರಿಸಿದರೆ ಸರಿಯಾಗಿ ಎರಡು ಪಟ್ಟು, ಅಕ್ಷರ ಕೆತ್ತಿದ ಹಾಗೆ, ಆದರೆ ಮೆನು, ಬಟನ್ ಎಲ್ಲ ದಪ್ಪ ದಪ್ಪ, ಜಾಗ ಸಾಲದು. 2560×1440 ಆರಿಸಿದರೆ ಜಾಗ ಸಿಗುತ್ತದೆ. ಆಗ ಮ್ಯಾಕ್ ಒಳಗೊಳಗೆ 5120×2880ರಲ್ಲಿ ಚಿತ್ರ ಬರೆದು ಅದನ್ನು 3840×2160ಕ್ಕೆ ಇಳಿಸಿ ಕಳಿಸುತ್ತದೆ. ನಾಲ್ಕು ಪಿಕ್ಸೆಲ್ ಮೂರಾಗುವುದರಿಂದ ತೆಳು ಗೀಟುಗಳು ಒಂದಿಷ್ಟು ಮೆತ್ತಗಾಗುತ್ತವೆ. ಮಾಮೂಲಿ ದೂರದಿಂದ ಕನ್ನಡ ಓದಲು ಇದು ಅಡ್ಡಿಯಾಗದು. ಐಕಾನ್ ಬಿಡಿಸುವವರು, ಒಂದು ಪಿಕ್ಸೆಲ್ ಗೀಟಿನ ಜೊತೆ ಕೆಲಸ ಮಾಡುವವರು ಮಾತ್ರ ಇಂಚಿಗೆ 218 ಪಿಕ್ಸೆಲ್ ಇರುವ 27 ಇಂಚಿನ 5ಕೆ ಮಾನಿಟರಿನ ಕಡೆ ನೋಡಬೇಕು. ಹಣ ಉಳಿಸಲು ಹೋಗಿ ಮ್ಯಾಕ್‌ಗೆ ಫುಲ್ ಎಚ್‌ಡಿ ಮಾನಿಟರ್ ಹಾಕುವುದಂತೂ ಬೇಡ. 2018ರ ಮ್ಯಾಕ್ ಓಎಸ್ ಮೊಜಾವೆಯಲ್ಲಿ ಆ್ಯಪಲ್ ಸಬ್‌ಪಿಕ್ಸೆಲ್ ನುಣುಪು (ಪಿಕ್ಸೆಲ್ ಒಳಗಿನ ಕೆಂಪು, ಹಸಿರು, ನೀಲಿ ಚುಕ್ಕೆಗಳನ್ನು ಬಳಸಿ ಅಕ್ಷರದ ಅಂಚು ತಿದ್ದುವ ವಿಧಾನ) ತೆಗೆದ ಮೇಲೆ ಕಡಿಮೆ ಪಿಕ್ಸೆಲ್‌ನ ಪರದೆಯಲ್ಲಿ ಅಕ್ಷರ ಇನ್ನಷ್ಟು ಕಳೆಗುಂದಿದೆ.

ಎರಡು ಮಾನಿಟರ್ ಆಸೆ ಇದ್ದರೆ ಮೊದಲು ನಿಮ್ಮ ಮ್ಯಾಕ್ ಯಾವುದು ನೋಡಿಕೊಳ್ಳಿ. ಎಂ1, ಎಂ2 ಏರ್‌ಗಳಿಗೆ ಹೊರಗಿನ ಪರದೆ ಒಂದೇ. ಎಂ3 ಏರ್ ಮುಚ್ಚಳ ಮುಚ್ಚಿದರೆ ಎರಡು, ಎಂ4 ಏರ್ ತೆರೆದಿದ್ದರೂ ಎರಡು. ಈ ಮಾನಿಟರಿನ ಹಿಂದೆ ಇನ್ನೊಂದು ಮಾನಿಟರಿಗೆ ಸರಪಳಿ ಕಟ್ಟಲು ಡಿಸ್ಪ್ಲೇಪೋರ್ಟ್ ಔಟ್ ಇದೆ, ಆದರೆ ಅದು ವಿಂಡೋಸ್‌ನವರಿಗೆ ಮಾತ್ರ ಪ್ರಯೋಜನ. ಮ್ಯಾಕ್ ಆ ಬಗೆಯ ಸರಪಳಿಯಲ್ಲಿ ಎರಡೂ ಪರದೆಗೆ ಒಂದೇ ಚಿತ್ರ ಕಳಿಸುತ್ತದೆ. ಲಿನಕ್ಸ್‌ನಲ್ಲಿ ವೇಲ್ಯಾಂಡ್ (ಪರದೆಗೆ ಚಿತ್ರ ಬರೆಯುವ ಹೊಸ ವ್ಯವಸ್ಥೆ) ಸೆಷನ್ ಇದ್ದರೆ ಪರದೆಗೊಂದು ಸ್ಕೇಲ್ ಕೊಡಬಹುದು, ಹಳೆಯ ಎಕ್ಸ್11ನಲ್ಲಿ ಅದು ಹರಸಾಹಸ.

ಕೊರತೆಗಳೂ ಇವೆ. ಸ್ಪೀಕರ್ ಇಲ್ಲ. ಆಡಿಯೊ ಔಟ್ ತೂತು ಹೊರಗಿನ ಸ್ಪೀಕರಿಗೆಂದು ಇರುವುದು, ಹೆಡ್‌ಫೋನಿಗೆ ಹೊಂದುವುದಿಲ್ಲ ಎಂದು ಡೆಲ್ ಕೈಪಿಡಿಯೇ ಹೇಳುತ್ತದೆ. ಎಚ್‌ಡಿಆರ್ 400 ಎಂಬ ಚೀಟಿ ಇದೆ (ಬೆಳಕು-ಕತ್ತಲೆಯ ಅಂತರ ಹೆಚ್ಚಿಸಿ ತೋರಿಸುವ ವಿಧಾನವೇ ಎಚ್‌ಡಿಆರ್), ಆದರೆ 400 ನಿಟ್ಸ್ ಹೊಳಪಿನಲ್ಲಿ ಎಚ್‌ಡಿಆರ್ ಹೆಸರಿಗಷ್ಟೇ; ವಿಂಡೋಸ್‌ನಲ್ಲಿ ಆಫ್ ಇಟ್ಟರೆ ಡೆಸ್ಕ್‌ಟಾಪ್ ಬಣ್ಣ ಸರಿಯಾಗಿರುತ್ತದೆ. 90 ವಾಟ್ ಬಹುತೇಕ ತೆಳು ಲ್ಯಾಪ್‌ಟಾಪುಗಳಿಗೆ ಧಾರಾಳ. 140 ವಾಟ್ ಚಾರ್ಜರಿನ 16 ಇಂಚಿನ ಮ್ಯಾಕ್‌ಬುಕ್ ಪ್ರೊದಲ್ಲಿ ಭಾರೀ ರೆಂಡರಿಂಗ್ ನಡೆದಾಗ ಬ್ಯಾಟರಿ ಮೆಲ್ಲಗೆ ಇಳಿಯಬಹುದು, ಗೇಮಿಂಗ್ ಲ್ಯಾಪ್‌ಟಾಪಿಗೆ ಅದರದೇ ಚಾರ್ಜರ್ ಬೇಕೇ ಬೇಕು.

120 ಹರ್ಟ್ಸ್‌ನ ಲ್ಯಾಪ್‌ಟಾಪ್ ಪರದೆಗೆ ಕಣ್ಣು ಒಗ್ಗಿದವರಿಗೆ ಇದರ 60 ಮೊದಲ ವಾರ ನಿಧಾನ ಅನ್ನಿಸುತ್ತದೆ. ಅಂಥವರಿಗೆ 2025ರಲ್ಲಿ ಬಂದ ಯು2725ಕ್ಯೂಇ ಇದೆ: ಅದೇ 27 ಇಂಚು, ಅದೇ 4ಕೆ, 120 ಹರ್ಟ್ಸ್, ಥಂಡರ್‌ಬೋಲ್ಟ್ 4, ಕಾಂಟ್ರಾಸ್ಟ್ 3000:1. ಓದು, ಬರಹ, ಕೋಡ್, ಲೆಕ್ಕಪತ್ರ ಇಷ್ಟೇ ಕೆಲಸವಾದರೆ ಹಳೆಯದೇ ಸಾಕು. ಎರಡರ ಬೆಲೆಯ ಅಂತರ ದೊಡ್ಡದಿದ್ದರೆ ಯು2723ಕ್ಯೂಇ ಕೊಂಡು, ಉಳಿದ ದುಡ್ಡಿನಲ್ಲಿ ಒಂದು ಗಟ್ಟಿ ಮಾನಿಟರ್ ತೋಳು ಹಾಕಿಸಿಕೊಳ್ಳಿ. ಹಿಂದಿನ ತಿರುಪು ತೂತುಗಳು ಮಾಮೂಲಿ 100×100 ಮಿಲಿಮೀಟರ್ ಅಳತೆಯವು.