ಮಿಕ್ಸಿ ನಿರಪರಾಧಿ: ಪ್ಲಗ್ ವ್ಯಾಟ್ ಮೀಟರ್ ಜೊತೆ ಎರಡು ವರ್ಷ

ಸಾಕೆಟ್‌ಗೂ ಉಪಕರಣಕ್ಕೂ ನಡುವೆ ಸಿಕ್ಕಿಸಿದರೆ, ಆ ಕ್ಷಣಕ್ಕೆ ಎಷ್ಟು ವ್ಯಾಟ್ ಎಳೆಯುತ್ತಿದೆ, ಇಲ್ಲಿಯವರೆಗೆ ಎಷ್ಟು ಯೂನಿಟ್ ಆಗಿದೆ ಎಂದು ತೋರಿಸುವ ಅಂಗೈಯಗಲದ ಮೀಟರ್ ಇದು. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಕೊಂಡೆ. ಎರಡು ವರ್ಷದಿಂದ ಮನೆಯ ಒಂದಲ್ಲ ಒಂದು ಮೂಲೆಯಲ್ಲಿ ಕೆಲಸ ಮಾಡುತ್ತಲೇ ಇದೆ.

ಕೊಂಡದ್ದು ಗೃಹಜ್ಯೋತಿಯ ಲೆಕ್ಕಕ್ಕಾಗಿ. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಯೋಜನೆಯನ್ನು ಎಲ್ಲರೂ ‘200 ಯೂನಿಟ್ ಉಚಿತ’ ಎನ್ನುತ್ತಾರೆ. ಆದರೆ ನಮ್ಮಂಥ ಮನೆಗೆ ಸಿಗುವುದು 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ 10. ಅದನ್ನು ಮೀರಿದಷ್ಟಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ ನಮ್ಮ ತಲೆಗೇ. ಹೀಗಾಗಿ ನಾಲ್ಕೈದು ಯೂನಿಟ್ ಏರಿದರೂ ಮನೆಯಲ್ಲಿ ವಿಚಾರಣೆ ಶುರುವಾಗುತ್ತಿತ್ತು. ಕಟಕಟೆಯಲ್ಲಿ ಪ್ರತಿ ಸಲವೂ ಮಿಕ್ಸಿಯೇ, ಏಕೆಂದರೆ ಸದ್ದು ಮಾಡುವುದು ಅದೊಂದೇ.

ಮೀಟರ್ ಮಿಕ್ಸಿಯನ್ನು ಮೊದಲ ದಿನವೇ ಖುಲಾಸೆ ಮಾಡಿತು. 750 ವ್ಯಾಟ್‌ನ ಮಿಕ್ಸಿ ಪೂರ್ತಿ ಜೋರಿನಲ್ಲಿ ಎರಡು ನಿಮಿಷ ತಿರುಗಿದರೂ ಆಗುವುದು ಯೂನಿಟ್‌ನ ನಲವತ್ತನೆಯ ಒಂದು ಪಾಲು. ನಲವತ್ತು ದಿನ ಬೆಳಿಗ್ಗೆ ಚಟ್ನಿ ರುಬ್ಬಿದರೆ ಒಂದು ಯೂನಿಟ್! ನಿಜವಾದ ಕಳ್ಳ ಟಿ.ವಿ. ಕೆಳಗೆ ತೆಪ್ಪಗೆ ಕೂತಿದ್ದ ಸೆಟ್‌ಟಾಪ್ ಬಾಕ್ಸ್. ಓಡುವಾಗ 11 ವ್ಯಾಟ್. ರಿಮೋಟ್‌ನಲ್ಲಿ ಆರಿಸಿ ಕೆಂಪು ದೀಪ ಬಂದ ಮೇಲೆ 10 ವ್ಯಾಟ್. ಯಾರೂ ನೋಡದಿದ್ದರೂ ನಾಲ್ಕು ದಿನಕ್ಕೊಂದು ಯೂನಿಟ್, ತಿಂಗಳಿಗೆ ಏಳು. ಟಿ.ವಿ. ಮಾತ್ರ ಸ್ಟ್ಯಾಂಡ್‌ಬೈನಲ್ಲಿ ಒಂದು ವ್ಯಾಟ್ ಕೂಡ ಎಳೆಯುವುದಿಲ್ಲ. ಈಗ ರಾತ್ರಿ ಬಾಕ್ಸ್‌ನ ಸ್ವಿಚ್ ಗೋಡೆಯಲ್ಲೇ ಆರುತ್ತದೆ. ಬೆಳಿಗ್ಗೆ ಚಾನೆಲ್ ಬರಲು ಎರಡು ನಿಮಿಷ ತಡವೆಂದು ಅತ್ತೆಯವರಿಗೆ ಇನ್ನೂ ಅಸಮಾಧಾನವಿದೆ.

ಫ್ರಿಜ್ ಅಳೆಯುವುದಕ್ಕೆ ತಾಳ್ಮೆ ಬೇಕು. ಕಂಪ್ರೆಸರ್ ಓಡುತ್ತದೆ, ನಿಲ್ಲುತ್ತದೆ; ಮಂಜು ಕಟ್ಟದ ಮಾದರಿಯಾದರೆ ಒಳಗಿನ ಹೀಟರ್ ಹೊತ್ತಲ್ಲದ ಹೊತ್ತಿನಲ್ಲಿ ಹತ್ತಿಕೊಂಡು ಅಂಕಿಯನ್ನು ದಿಢೀರನೆ ಏರಿಸುತ್ತದೆ. ಆ ಕ್ಷಣದ ವ್ಯಾಟ್ ನೋಡಿ ಗುಣಿಸಿದರೆ ಲೆಕ್ಕ ಕೆಡುತ್ತದೆ. ಪೂರ್ತಿ ಒಂದು ದಿನ ಬಿಟ್ಟು ಯೂನಿಟ್ ಓದಬೇಕು, ಏಪ್ರಿಲ್‌ನಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ.

ಗೀಸರ್ ವಿಷಯದಲ್ಲಿ ಮೀಟರ್ ಹೊಸದೇನೂ ಹೇಳಲಿಲ್ಲ. 15 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಅರ್ಧ ಯೂನಿಟ್‌ಗೂ ಮಿಕ್ಕಿ ಬೇಕು. ಭೌತಶಾಸ್ತ್ರದ ಜೊತೆ ಚೌಕಾಸಿ ನಡೆಯುವುದಿಲ್ಲ. ಆದರೆ ಪೆಟ್ಟಿಗೆಯ ಮೇಲೆ 16 ಆಂಪಿಯರ್ ಎಂದು ಬರೆದುಕೊಂಡ ಈ ಮೀಟರ್, ಒಂಬತ್ತು ಆಂಪಿಯರ್ ಕೂಡ ಎಳೆಯದ 2 ಕಿಲೋವ್ಯಾಟ್ ಗೀಸರ್‌ಗೆ ಕೈ ಇಡಲಾಗದಷ್ಟು ಬಿಸಿಯಾಯಿತು. ಅಂದಿನಿಂದ ಗೀಸರ್, ಇಂಡಕ್ಷನ್ ಒಲೆ ಎರಡಕ್ಕೂ ಹಾಕುತ್ತಿಲ್ಲ. ತಯಾರಕರ ಸಹಾಯವಾಣಿಗೆ ಬರೆದ ದೂರಿಗೆ ಉತ್ತರವೇ ಬರಲಿಲ್ಲ.

ಬೇರೆ ಕೊರತೆಗಳೂ ಇವೆ. ಪರದೆಗೆ ಬೆಳಕಿಲ್ಲ, ಫ್ರಿಜ್ ಹಿಂದೆ ಟಾರ್ಚ್ ಹಿಡಿದು ಬಗ್ಗಬೇಕು. ಒಳಗಿನ ಸಣ್ಣ ಬ್ಯಾಟರಿ ಸತ್ತ ಮೇಲೆ ಕರೆಂಟ್ ಹೋದಾಗಲೆಲ್ಲ ಲೆಕ್ಕ ಸೊನ್ನೆಗೆ ಬರುತ್ತದೆ, ಬೆಂಗಳೂರಿನ ಮುಂಗಾರುಪೂರ್ವ ಮಳೆಯ ದಿನಗಳಲ್ಲಿ ಇದು ತಮಾಷೆಯಲ್ಲ. ಬರಿಯ ಮೊಬೈಲ್ ಚಾರ್ಜರ್ ಸಿಕ್ಕಿಸಿದರೆ ಸೊನ್ನೆ ತೋರಿಸುತ್ತದೆ, ಒಂದು ವ್ಯಾಟ್‌ನ ಕೆಳಗೆ ಅದರ ಕಣ್ಣು ಮಂಜು.

ಪ್ಲಗ್ ಇಲ್ಲದ ಫ್ಯಾನ್, ದೀಪಗಳಿಗೆ ಇದು ಉಪಯೋಗವಿಲ್ಲ. ಅದಕ್ಕೆ ಬಿಲ್ ಲೆಕ್ಕ ಹಾಕುವ ಬೆಸ್ಕಾಂ ಮೀಟರ್ ಸಾಕು. ನಮ್ಮ ಮನೆಯ ಆ ಮೀಟರ್ ಮೇಲೆ ಯೂನಿಟ್‌ಗೆ 3200 ಮಿನುಗು ಎಂದು ಬರೆದಿದೆ, ಅಂದರೆ ಒಂದು ಯೂನಿಟ್ ಆಗುವಷ್ಟರಲ್ಲಿ ಅದರ ಪುಟ್ಟ ದೀಪ ಅಷ್ಟು ಸಲ ಮಿನುಗುತ್ತದೆ. ಉಳಿದದ್ದನ್ನೆಲ್ಲ ಆರಿಸಿ, ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ 1125ನ್ನು ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಹಳೆಯ ಫ್ಯಾನ್ 15 ಸೆಕೆಂಡಿಗೊಮ್ಮೆ ಮಿನುಗಿಸಿತು, ಅಂದರೆ 75 ವ್ಯಾಟ್. ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್‌ಗೆ 37 ಸೆಕೆಂಡ್, 30 ವ್ಯಾಟ್.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕೊಳ್ಳುವವರು ಬೆಳಕಿನ ಪರದೆ ಇರುವ, ಬ್ಯಾಟರಿ ಬದಲಿಸಬಹುದಾದ ಮಾದರಿಯನ್ನು ಹುಡುಕಿ. ಮನೆಗೊಂದು ಬೇಕಾಗಿಲ್ಲ, ನಮ್ಮ ಮಹಡಿಯ ನಾಲ್ಕು ಮನೆಗಳಿಗೂ ಇದೊಂದೇ ಸರದಿಯಲ್ಲಿ ಸುತ್ತುತ್ತಿದೆ, ಒಂದು ಮನೆಗೆ ಎರಡು ವಾರ ಧಾರಾಳ.